ಹದಿನೇಳನೇ ನಂಬರಿನ ತಪ್ಪುಗಳು

ಬೆಳಗಿನ ಜಾವ ಐದೂಮುಕ್ಕಾಲು. ಮೂರನೇ ಮಹಡಿಯ ಕೊನೆಯ ಕೋಣೆ. ಬೀಗಕ್ಕೆ ಕೈ ಹಾಕುವ ಮೊದಲು ಹಕ್ಕಿಯಕ್ಕ ಬಾಗಿಲನ್ನು ಬೆರಳ ಗಿಣ್ಣಿನಿಂದ ಎರಡು ಸಲ ತಟ್ಟುತ್ತಾರೆ. ಒಳಗೆ ಮನುಷ್ಯರು ಯಾರೂ ಇಲ್ಲ. ಇರುವುದು ಹನ್ನೆರಡು ಪಾರಿವಾಳಗಳು. “ಮಲಗಿರೋರ ಕೋಣೆಗೆ ದಡಕ್ಕಂತ ನುಗ್ಗಿದ್ರೆ ಯಾರಿಗಾದ್ರೂ ಎದೆ ಹೊಡ್ಕೊಳ್ಳಲ್ವಾ? ಅವಕ್ಕೂ ಅಷ್ಟೇ,” ಎನ್ನುತ್ತಾ ದೀಪ ಹಾಕುತ್ತಾರೆ. ಗೂಡುಗಳಲ್ಲಿ ರೆಕ್ಕೆ ಕೊಡವುವ ಸದ್ದು. ಗಂಟಲಲ್ಲೇ ಉರುಳುವ ಗುಟರ್ ಗುಟರ್. ಗಾಳಿಯಲ್ಲಿ ಬೂದಿಯಂಥ ಗರಿಯ ಪುಡಿ ಏಳುತ್ತದೆ. ಅಕ್ಕ ಮೂಗಿಗೆ ಬಟ್ಟೆ ಬಿಗಿದುಕೊಳ್ಳುತ್ತಾರೆ.

ಮೊದಲ ಕೆಲಸ ತೂಕ. ಒಂದು ಕೈಯಲ್ಲಿ ಹಕ್ಕಿಯ ಬೆನ್ನು, ಇನ್ನೊಂದರಲ್ಲಿ ಎರಡೂ ಕಾಲು. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಬಟ್ಟೆಯ ಚೀಲದೊಳಗೆ. ತಲೆ ಮಾತ್ರ ಹೊರಗೆ. ಗಂಡನ ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ ಅಕ್ಕನೇ ಹೊಲಿದ ಚೀಲ ಅದು. ಹಾಗೆ ಸುತ್ತಿಟ್ಟರೆ ಹಕ್ಕಿ ರೆಕ್ಕೆ ಬಡಿಯುವುದಿಲ್ಲ, ತಕ್ಕಡಿಯ ಮುಳ್ಳು ಕುಣಿಯುವುದಿಲ್ಲ. “ನಾನು ಬದುಕಿರೋವಾಗ್ಲೇ ನನ್ನ ಪ್ಯಾಂಟು ಹಕ್ಕಿ ಪಾಲಾಯ್ತು ಅಂತ ಯಜಮಾನ್ರು ಇವತ್ತಿಗೂ ಗೊಣಗ್ತಾರೆ,” ಎಂದು ನಗುತ್ತಾ ಅಕ್ಕ ಮುಳ್ಳಿನ ಮೇಲೆ ಕಣ್ಣು ಕೀಲಿಸುತ್ತಾರೆ. ನಾನೂರ ಹನ್ನೆರಡು ಗ್ರಾಂ. ಗೋಡೆಯ ಹಲಗೆಯ ಮೇಲೆ ಬರೆಯುತ್ತಾರೆ. ಮುಂದಿನದು.

ಹಕ್ಕಿಗಳ ಕಾಲಿನ ಬಳೆಗಳಲ್ಲಿ ನಂಬರುಗಳಿವೆ. ಪ್ರಯೋಗದ ಹಾಳೆಗಳಲ್ಲಿ ಅವು ಆ ನಂಬರುಗಳೇ. ಅಕ್ಕನ ಬಾಯಲ್ಲಿ ಮಾತ್ರ ಒಂದೊಂದಕ್ಕೂ ಒಂದೊಂದು ಹೆಸರು. ಹತ್ತು ಎಂದರೆ ಭಾವಯ್ಯ, ಏಕೆಂದರೆ ಬಡಿಸಿದ್ದನ್ನೆಲ್ಲ ಮೊದಲು ಕೆದಕಿ ಕೊಂಕು ತೆಗೆದು ಆಮೇಲೆ ತಿನ್ನುತ್ತದೆ. ಹದಿಮೂರು ಎಂದರೆ ಹೊಸ ಸೊಸೆ. ಎಲ್ಲರೂ ತಿಂದಾದ ಮೇಲೆ ಮೂಲೆಗೆ ಹೋಗಿ ತಿನ್ನುವವಳು. ಹದಿನೇಳು ಎಂದರೆ ಜೋರಮ್ಮ. ಬೂದು ಮೈ, ಕುತ್ತಿಗೆಯಲ್ಲಿ ಹಸಿರು ಹೊಳಪು, ನೋಡುವುದಕ್ಕೆ ಏನೂ ವಿಶೇಷವಿಲ್ಲ. ಕೊಕ್ಕು ಮಾತ್ರ ಸುತ್ತಿಗೆ. ಅಕ್ಕನ ಎಡಗೈ ಹೆಬ್ಬೆರಳಿನ ಬುಡದಲ್ಲಿರುವ ಗಾಯದ ಕಲೆ ಅವಳು ಬಂದ ಮೊದಲ ದಿನದ್ದು. “ಬಂದವಳೇ ರುಜು ಹಾಕ್ಬಿಟ್ಲು,” ಎನ್ನುತ್ತಾರೆ ಅಕ್ಕ, ಮಗಳ ತುಂಟತನ ಹೇಳುವ ತಾಯಿಯ ದನಿಯಲ್ಲಿ.

ಈ ಸಂಶೋಧನಾ ಸಂಸ್ಥೆಯಲ್ಲಿ ಹಕ್ಕಿಯಕ್ಕ ಹತ್ತೊಂಬತ್ತು ವರ್ಷಗಳಿಂದ ಇದ್ದಾರೆ. ಈಗ ವಯಸ್ಸು ಐವತ್ತಮೂರು. ಬಸ್ಸು ಕೊನೆಗೆ ನಿಲ್ಲುವ ಊರಿನಿಂದಲೂ ಒಂದು ಗಂಟೆ ನಡೆದರೆ ಸಿಗುವ ಹಳ್ಳಿ ಅವರ ತವರು. ತಾಯಿ ಕೋಳಿ ಸಾಕುತ್ತಿದ್ದರು. ಬುಟ್ಟಿಯಲ್ಲಿರುವ ಮೊಟ್ಟೆ ನೋಡಿ ಇದು ಯಾವ ಕೋಳಿಯದು ಎಂದು ಹೇಳುವುದು ಆ ಮನೆಯ ಮಕ್ಕಳಿಗೆ ಆಟವಾಗಿತ್ತು. ಏಳನೇ ಕ್ಲಾಸಿಗೆ ಓದು ನಿಂತಿತು. ಮದುವೆಯಾಗಿ ಈ ಕಡೆ ಬಂದ ಮೇಲೆ ಸಂಸ್ಥೆಯಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಹಕ್ಕಿ ನೋಡಿಕೊಳ್ಳುತ್ತಿದ್ದ ಹಿರಿಯರಿಗೆ ಗರಿಯ ಪುಡಿಯಿಂದ ಉಸಿರಾಟದ ತೊಂದರೆ ಶುರುವಾಗಿ ಅವರು ಬಿಟ್ಟು ಹೋದಾಗ, ಆ ಕೋಣೆಗೆ ಹೋಗಲು ಯಾರೂ ಮುಂದೆ ಬರಲಿಲ್ಲ. “ನಾನು ಹೋಗ್ತೀನಿ ಅಂದೆ. ಪೊರಕೆ ಮಾತಾಡಲ್ಲ ನೋಡಿ, ಹಕ್ಕಿ ಮಾತಾಡ್ತವೆ.”

ಆ ಪುಡಿ ಈಗ ಅಕ್ಕನ ಎದೆಯಲ್ಲೂ ಸ್ವಲ್ಪ ಕೂತಿದೆ. ಚಳಿಗಾಲದಲ್ಲಿ ಕೆಮ್ಮು ಹಿಡಿದರೆ ಬಿಡುವುದಿಲ್ಲ. ಕೆಲಸ ವರ್ಷದ ಕರಾರಿನ ಮೇಲೆ. ಹಕ್ಕಿಗೆ ಭಾನುವಾರವೂ ಹಸಿವಾಗುವುದರಿಂದ ಅಕ್ಕನಿಗೆ ರಜೆ ಎಂಬುದು ಅರ್ಧ ದಿನ ಮಾತ್ರ. ತಂಗಿಯ ಮದುವೆಯ ದಿನವೂ ಹಕ್ಕಿಗಳನ್ನು ತೂಗಿ, ಗೂಡಿನ ತಟ್ಟೆಗಳನ್ನು ತೊಳೆದು, ಸೀರೆಯ ಮೇಲೆ ಅಂಟಿದ ಗರಿಯನ್ನು ಬಸ್ಸಿನಲ್ಲಿ ಹೆಕ್ಕುತ್ತಾ ಹೋದವರು. ಹನ್ನೆರಡು ಗೂಡು, ಇಪ್ಪತ್ತನಾಲ್ಕು ಬಟ್ಟಲು, ದಿನಕ್ಕೆ ಎರಡು ಸಲ ನೀರು, ಒಂದು ಸಲ ಕಾಳು. ಗೋಧಿ, ಬಟಾಣಿ, ಮುಸುಕಿನ ಜೋಳ, ಜೊತೆಗೆ ಹೊಟ್ಟೆಯಲ್ಲಿ ಕಾಳು ಅರೆಯಲೆಂದು ಚಿಟಿಕೆ ಕಲ್ಲಿನ ಪುಡಿ. ಕಾಳು ಕೊಡುವುದು ಪಾಠ ಮುಗಿದ ಮೇಲೆ. ಅದೂ ಅಳತೆ ಹಾಕಿ. ಹೊಟ್ಟೆ ತುಂಬಿದ ಹಕ್ಕಿ ಪಾಠಕ್ಕೆ ಕೂರುವುದಿಲ್ಲ, ತೀರಾ ಹಸಿದದ್ದೂ ಕೂರುವುದಿಲ್ಲ. ಎರಡರ ನಡುವಿನ ಒಂದು ಸಣ್ಣ ಹಸಿವನ್ನು ಗ್ರಾಂ ಲೆಕ್ಕದಲ್ಲಿ ಕಾಯುವುದು ಅಕ್ಕನ ಹೊಣೆ. “ಈ ಕೆಲಸದಲ್ಲಿ ನಂಗೆ ಇಷ್ಟ ಆಗದೆ ಇರೋದು ಇದೊಂದೇ,” ಎಂದು ಅವರು ದನಿ ತಗ್ಗಿಸುತ್ತಾರೆ. “ಅದಕ್ಕೇ ಭಾನುವಾರ ಒಂದು ಹಿಡಿ ಜಾಸ್ತಿ. ಮೇಡಂಗೂ ಗೊತ್ತು. ಗೊತ್ತಿಲ್ಲದೋರ ಥರ ಇರ್ತಾರೆ.”

ಮೇಡಂ ಎಂದರೆ ಈ ಪ್ರಯೋಗದ ಮುಖ್ಯಸ್ಥೆ. ಅವರು ಹಕ್ಕಿಗಳಿಗೆ ಕೇಳುತ್ತಿರುವ ಪ್ರಶ್ನೆ ಒಂದೇ: ಈ ಎರಡು ಒಂದೇನಾ, ಬೇರೆನಾ?

ಪಕ್ಕದ ಕೋಣೆಯಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಒಳಗೆ ಹಕ್ಕಿ ನಿಲ್ಲುವಷ್ಟು ಜಾಗ. ಎದುರು ಗೋಡೆಯಲ್ಲಿ ಒಂದರ ಕೆಳಗೊಂದು ಎರಡು ಕಿಂಡಿ. ಹಕ್ಕಿಗೆ ಕಾಣದಂತೆ ಹಿಂದೆ ಕುಳಿತ ವಿದ್ಯಾರ್ಥಿನಿ ಕಿಂಡಿಗಳಿಗೆ ಎರಡು ಚಿತ್ರದ ಕಾರ್ಡು ಸಿಕ್ಕಿಸುತ್ತಾಳೆ. ಕೀಲಿಕೈ, ಎಲೆ, ಕುರ್ಚಿ, ಚಪ್ಪಲಿ, ಹೀಗೆ ಏನಾದರೂ. ಹಕ್ಕಿ ಮೇಲಿನದನ್ನು ಒಮ್ಮೆ ಕುಕ್ಕಬೇಕು, ಕೆಳಗಿನದನ್ನು ಒಮ್ಮೆ ಕುಕ್ಕಬೇಕು. ನೋಡಿದ್ದೇನೆ ಎಂದು ಹೇಳಿದ ಹಾಗೆ. ಆಮೇಲೆ ಎರಡೂ ಒಂದೇ ಎನಿಸಿದರೆ ಬಲಗಡೆಯ ಗುಂಡಿ, ಬೇರೆ ಎನಿಸಿದರೆ ಎಡಗಡೆಯ ಗುಂಡಿ. ಸರಿಯಾದರೆ ಪುಟ್ಟ ತಟ್ಟೆ ತೆರೆದುಕೊಂಡು ಮೂರು ಸೆಕೆಂಡು ಕಾಳು. ತಪ್ಪಾದರೆ ಹತ್ತು ಸೆಕೆಂಡು ದೀಪ ಆರುತ್ತದೆ. ಒಂದು ಹಕ್ಕಿಗೆ ದಿನಕ್ಕೆ ಅರವತ್ತನಾಲ್ಕು ಪ್ರಶ್ನೆ. ಅರ್ಧ ಒಂದೇ, ಅರ್ಧ ಬೇರೆ. ಕಣ್ಣು ಮುಚ್ಚಿ ಕುಕ್ಕಿದರೂ ಮೂವತ್ತೆರಡು ಸರಿಯಾಗುತ್ತವೆ. ಅದರ ಮೇಲೆ ಬಂದದ್ದು ಕಲಿತದ್ದು.

“ಶುರುವಿನಲ್ಲಿ ಬರೀ ಎಂಟು ಚಿತ್ರ ಇತ್ತು,” ಎಂದು ಅಕ್ಕ ವಿವರಿಸುತ್ತಾರೆ, ಗೂಡಿನ ತಟ್ಟೆ ಕೆರೆಯುತ್ತಲೇ. “ಎಲ್ಲಾ ಫಸ್ಟ್ ಕ್ಲಾಸು. ನಾವೂ ಹಿಗ್ಗಿದ್ವಿ. ಹೊಸ ಚಿತ್ರ ಇಟ್ಟ ದಿನ ಎಲ್ಲಾ ಗೋತಾ. ಬಾಯಿಪಾಠ ಮಾಡ್ಕೊಂಡಿದ್ವು ಕಳ್ಳರು! ಈ ಜೊತೆ ಬಂದ್ರೆ ಬಲ, ಆ ಜೊತೆ ಬಂದ್ರೆ ಎಡ, ಅಷ್ಟೇ. ಆಮೇಲೆ ಮೂವತ್ತೆರಡು ಮಾಡಿದ್ರು. ಈಗ ನೂರಿಪ್ಪತ್ತೆಂಟು. ಅಷ್ಟೊಂದನ್ನ ಬಾಯಿಪಾಠ ಮಾಡೋಕೆ ಯಾರಿಗಾಗುತ್ತೆ? ಆಗ ನೋಡಿ ಉಪಾಯ ಹುಡುಕಿದ್ವು. ಚಿತ್ರ ಯಾವುದಾದ್ರೂ ಇರಲಿ, ಇದು ಅದೇನಾ ಅಂತ ಕೇಳ್ಕೊಳ್ಳೋದು. ಈಗ ಕಂಡೇ ಇಲ್ಲದ ಚಿತ್ರ ಇಟ್ರೂ ಹೇಳ್ತವೆ. ತಲೆ ನೋಡಿದ್ರೆ ಕಡಲೆಕಾಯಿ ಅಷ್ಟಿಲ್ಲ.”

ಮನೆಯಲ್ಲಿ ಇದೊಂದು ಮುಗಿಯದ ತಮಾಷೆ. “ಹಕ್ಕಿಗೆ ಒಂದೇ-ಬೇರೆ ಕಲಿಸೋಕೆ ಸಂಬಳ ಕೊಡ್ತಾರಾ?” ಎಂದು ಎಂಬತ್ತರ ಅತ್ತೆ ಕೇಳುತ್ತಾರೆ. “ನನ್ನ ಮಗನಿಗೆ ನಲವತ್ತು ವರ್ಷದಿಂದ ಸಕ್ಕರೆ ಡಬ್ಬ ಯಾವುದು, ಉಪ್ಪಿನ ಡಬ್ಬ ಯಾವುದು ಗೊತ್ತಾಗಲ್ಲ. ಅವನನ್ನೂ ಕರ್ಕೊಂಡು ಹೋಗಿ ಆ ಪೆಟ್ಟಿಗೇಲಿ ನಿಲ್ಲಿಸು ಮಾರಾಯ್ತಿ.” ಮಗ ಎಂದರೆ ಅಕ್ಕನ ಗಂಡ, ಮನೆಗಳಿಗೆ ಬಣ್ಣ ಹೊಡೆಯುವವರು.

ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ತೋರಿಸಬಹುದಿತ್ತು. ಪರದೆ ಮನುಷ್ಯರ ಕಣ್ಣಿಗೆಂದು ಮಾಡಿದ್ದು, ಹಕ್ಕಿಗೆ ಅದು ಹೇಗೆ ಕಾಣುತ್ತದೋ ಯಾರಿಗೆ ಗೊತ್ತು ಎಂದು ಮೇಡಂ ಕಾರ್ಡುಗಳನ್ನೇ ಆರಿಸಿಕೊಂಡಿದ್ದಾರೆ. ಪೆಟ್ಟಿಗೆಯ ದೀಪವೂ ಹಗಲಿನ ಬೆಳಕಿಗೆ ಹತ್ತಿರವಾದದ್ದು. ಹೀಗಾಗಿ ಕಾರ್ಡು ಕತ್ತರಿಸುವುದು ಅಕ್ಕನ ಪಾಲಿನ ಇನ್ನೊಂದು ಕೆಲಸ. ದಪ್ಪ ಕಾಗದದ ಮೇಲೆ ಆಫೀಸಿನಲ್ಲಿ ಚಿತ್ರ ಅಚ್ಚು ಹಾಕಿಸಿ, ಅಂಗೈ ಅಗಲಕ್ಕೆ ಅಡಿಕೋಲಿಟ್ಟು ಕತ್ತರಿಸುತ್ತಾರೆ. ಒಂದು ಹಕ್ಕಿಯ ಕಾಯಿಲೆ ಇನ್ನೊಂದಕ್ಕೆ ಅಂಟಬಾರದೆಂದು ಪ್ರತಿ ಹಕ್ಕಿಗೂ ಬೇರೆ ಡಬ್ಬ. ನೂರಿಪ್ಪತ್ತೆಂಟು ಚಿತ್ರ, ಒಂದೊಂದಕ್ಕೆ ಎರಡೆರಡು ಪ್ರತಿ; ಹನ್ನೆರಡು ಡಬ್ಬಕ್ಕೆ ಮೂರು ಸಾವಿರದ ಎಪ್ಪತ್ತೆರಡು ಕಾರ್ಡು. ಒಂದರ ಅಂಚು ಓರೆಯಾದರೂ ಹಕ್ಕಿ ಅದನ್ನೇ ಗುರುತು ಹಿಡಿಯುತ್ತದೆ. ಅದಕ್ಕೇ ಅಕ್ಕನ ಕತ್ತರಿಯನ್ನು ಬೇರೆ ಯಾರೂ ಮುಟ್ಟುವಂತಿಲ್ಲ.

ಇಂಥ ಕೈಯಿಂದಲೇ ಹೋದ ವರ್ಷ ಒಂದು ತಪ್ಪು ನಡೆಯಿತು. ಎಂಟು ವಾರ ಯಾರಿಗೂ ಅದು ತಿಳಿಯಲಿಲ್ಲ.

ಜೋರಮ್ಮ ಆಗ ತರಗತಿಯ ಮುಂದಿನ ಬೆಂಚಿನವಳು. ಅರವತ್ತನಾಲ್ಕಕ್ಕೆ ಐವತ್ತೆಂಟು, ಐವತ್ತೊಂಬತ್ತು ತೆಗೆಯುತ್ತಿದ್ದವಳು. ಇದ್ದಕ್ಕಿದ್ದಂತೆ ಇಳಿಯತೊಡಗಿದಳು. ಐವತ್ತೈದು. ಐವತ್ತೆರಡು. ಆಮೇಲೆ ನಲವತ್ತೊಂಬತ್ತು. ತೂಕ ಸರಿಯಿದೆ, ಕಣ್ಣು ನಿಚ್ಚಳ, ಹಿಕ್ಕೆ ಗಟ್ಟಿ, ಗರಿ ಉದುರುವ ಕಾಲವಲ್ಲ. ಅಕ್ಕ ಅವಳನ್ನು ದಿನಕ್ಕೆ ಮೂರು ಸಲ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಏನೂ ಕಾಣಲಿಲ್ಲ. ಪೆಟ್ಟಿಗೆಯ ಹಿಂದೆ ಕೂರುವ ವಿದ್ಯಾರ್ಥಿನಿಯನ್ನು, ಅಕ್ಕ ಕರೆಯುವಂತೆ ಹೇಳುವುದಾದರೆ ‘ಕನ್ನಡಕದ ಹುಡುಗಿ’ಯನ್ನು, ಕೇಳಿದರು.

“ಅಕ್ಕಾ, ಅವಳು ಮೊದಲಿನ ಥರ ಕುಕ್ತಿಲ್ಲ. ಮೇಲೆ ನೋಡ್ತಾಳೆ, ಕೆಳಗೆ ನೋಡ್ತಾಳೆ, ಮತ್ತೆ ಮೇಲೆ. ಆಮೇಲೆ ಎಷ್ಟು ಮೆಲ್ಲಗೆ ಮುಟ್ತಾಳೆ ಅಂದ್ರೆ ಸದ್ದೇ ಬರಲ್ಲ.”

ಸುತ್ತಿಗೆಯ ಕೊಕ್ಕಿನವಳು ಮೆಲ್ಲಗೆ ಮುಟ್ಟುತ್ತಾಳೆ! “ನಾಲ್ಕು ಸಲ ಬೈಸ್ಕೊಂಡ ಮಗು ಇರುತ್ತಲ್ಲ, ಉತ್ತರ ಗೊತ್ತಿದ್ರೂ ಕೈ ಎತ್ತಲ್ಲ. ಹಂಗೆ ಅನ್ನಿಸ್ತು ನಂಗೆ,” ಎಂದು ಅಕ್ಕ ನೆನೆಯುತ್ತಾರೆ.

ಪ್ರಯೋಗಕ್ಕೆ ಒಂದು ನಿಯಮವಿದೆ. ಎರಡು ವಾರ ಸತತವಾಗಿ ಸರಾಸರಿ ಐವತ್ತಕ್ಕಿಂತ ಕೆಳಗೆ ಬಂದ ಹಕ್ಕಿಯನ್ನು ಪಾಠದಿಂದ ತೆಗೆಯಬೇಕು. ತೆಗೆದ ಹಕ್ಕಿ ಕೆಳಗಿನ ಮಹಡಿಯ ವಿಭಾಗಕ್ಕೆ ಹೋಗುತ್ತದೆ. ಅಲ್ಲಿನ ಕೆಲಸ ಬೇರೆ. ಅಲ್ಲಿಗೆ ಇಳಿದ ಹಕ್ಕಿ ಮತ್ತೆ ಮೆಟ್ಟಿಲು ಹತ್ತಿ ಬಂದದ್ದನ್ನು ಅಕ್ಕ ಹತ್ತೊಂಬತ್ತು ವರ್ಷದಲ್ಲಿ ಕಂಡಿಲ್ಲ. ಒಂದು ವಾರ ಐವತ್ತರ ಕೆಳಗೆ ಕಳೆದಿತ್ತು. ಎರಡನೇ ವಾರದ ಸೋಮವಾರ ಮೇಡಂ ಕೋಣೆಗೆ ಬಂದು ಗೂಡಿನ ಮುಂದೆ ಸ್ವಲ್ಪ ಹೊತ್ತು ನಿಂತರು.

“ಶುಕ್ರವಾರದ ತನಕ ನೋಡೋಣ,” ಎಂದರು. “ಕೆಲವು ಹಕ್ಕಿ ಇಷ್ಟಕ್ಕೇ ನಿಂತುಬಿಡ್ತವೆ, ಏನ್ಮಾಡೋದು.”

“ಅವಳು ನಿಲ್ಲೋಳಲ್ಲ ಮೇಡಂ. ಅವಳಿಗೇನೋ ಕಾಣ್ತಾ ಇದೆ.”

“ಏನು ಕಾಣುತ್ತೆ?”

“ಗೊತ್ತಿಲ್ಲ ಮೇಡಂ. ಆದ್ರೆ ದಡ್ಡರು ಯಾರೂ ಅಷ್ಟೊತ್ತು ಯೋಚನೆ ಮಾಡಲ್ಲ,” ಎಂದರು ಅಕ್ಕ. ಮೇಡಂ ನಕ್ಕರು; ಹೋಗುವಾಗ ಹಲಗೆಯ ಮೇಲೆ ಶುಕ್ರವಾರದ ಮುಂದೆ ಹದಿನೇಳು ಎಂದು ಸಣ್ಣದಾಗಿ ಬರೆದರು.

ಮಂಗಳವಾರ ಸಂಜೆ ಅಕ್ಕ ಮನೆ ಸೇರಿದಾಗ ಗಂಡ ಹಿತ್ತಲಲ್ಲಿ ಕುಂಚ ತೊಳೆಯುತ್ತಿದ್ದರು. ಮುಖ ಊದಿಕೊಂಡಿತ್ತು. ಹೊಸದಾಗಿ ಸೇರಿದ ಕೆಲಸಗಾರನೊಬ್ಬ ಒಂದು ಮನೆಯ ಹಜಾರದ ಗೋಡೆ ಕೆಡಿಸಿದ್ದ. ಅರ್ಧ ಗೋಡೆಗೆ ಡಬ್ಬ ಮುಗಿದಾಗ ಅಂಗಡಿಯಿಂದ ಅದೇ ಹೆಸರಿನ, ಅದೇ ನಂಬರಿನ ಇನ್ನೊಂದು ಬಿಳಿ ತಂದು ಉಳಿದರ್ಧಕ್ಕೆ ಹೊಡೆದಿದ್ದ. ರಾತ್ರಿ ದೀಪದಲ್ಲಿ ಎಲ್ಲ ಸರಿಯಾಗಿತ್ತು. ಬೆಳಿಗ್ಗೆ ಬಿಸಿಲು ಬಿದ್ದಾಗ ಗೋಡೆಯ ನಡುವೆ ಗೆರೆ ಎಳೆದ ಹಾಗೆ ಎರಡು ಬಣ್ಣ.

“ಅದೇ ನಂಬರು ಅಂದ್ರಲ್ಲ?” ಎಂದರು ಅಕ್ಕ.

“ನಂಬರು ಅದೇ ಕಣೇ, ಲಾಟು ಬೇರೆ. ಕಂಪನಿಯವರು ಒಂದು ಸಲ ಕಲಸಿದ್ದು ಒಂದು ಥರ, ಇನ್ನೊಂದು ಸಲ ಕಲಸಿದ್ದು ಇನ್ನೊಂದು ಥರ. ಒಂದು ಗೋಡೆಗೆ ಎರಡು ಲಾಟು ತಾಕಿಸಬಾರದು ಅಂತ ಎಷ್ಟು ಸಲ ಬಡ್ಕೊಂಡಿದೀನಿ ಅವನಿಗೆ.”

ಅಕ್ಕನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. “ರೀ, ಕಾಗದಕ್ಕೂ ಲಾಟು ಇರುತ್ತಾ?”

“ಮನುಷ್ಯ ಮಾಡಿದ್ದಕ್ಕೆಲ್ಲ ಇರುತ್ತೆ. ಯಾಕೆ, ನಿನ್ನ ಪಾರಿವಾಳಗಳು ಬಣ್ಣ ಹೊಡಿಸ್ಕೊಳ್ತವಾ?”

ಅಕ್ಕ ನಗಲಿಲ್ಲ. ಜೋರಮ್ಮನ ಕೊಕ್ಕಿಗೆ ಕಾರ್ಡುಗಳು ಬಾಳುತ್ತಿರಲಿಲ್ಲ. ಬೇರೆ ಹಕ್ಕಿಗಳ ಡಬ್ಬದಲ್ಲಿ ಎರಡು ಮೂರು ತಿಂಗಳಿಗೆ ಒಂದು ಹರಿದರೆ ಅವಳ ಡಬ್ಬದಲ್ಲಿ ವಾರಕ್ಕೆ ಐದಾರು. ಹರಿದದ್ದನ್ನು ಎಸೆದು ಅದೇ ಚಿತ್ರದ ಹೊಸ ಕಾರ್ಡು ಕತ್ತರಿಸಿ ಇಡುತ್ತಿದ್ದರು. ಹರಿದದ್ದನ್ನು ಮಾತ್ರ. ಅದರ ಜೋಡಿ ಚೆನ್ನಾಗಿರುತ್ತಿತ್ತಲ್ಲ. ಹೊಸದು ಎಂದು ಗುರುತಿಗಾಗಿ ಬೆನ್ನಿಗೆ ಪೆನ್ಸಿಲ್ಲಿನಿಂದ ಒಂದು ಚುಕ್ಕೆ. ಹಳೆಯ ಕಾಗದದ ಕಟ್ಟು ಮುಗಿದು ಉಗ್ರಾಣದಿಂದ ಹೊಸ ಕಟ್ಟು ಬಂದು ಎಂಟು ವಾರವಾಗಿತ್ತು. ಅದೇ ಹೆಸರು, ಅದೇ ದಪ್ಪ, ಅದೇ ಬಿಳಿ.

ಬುಧವಾರ ಜೋರಮ್ಮನ ಸರದಿಗೆ ಮುಂಚೆ ಅಕ್ಕ ಕನ್ನಡಕದ ಹುಡುಗಿಗೆ ಒಂದು ಕೆಲಸ ಒಪ್ಪಿಸಿದರು. “ಅವಳು ತಪ್ಪು ಮಾಡಿದ ಜೊತೆಗಳನ್ನ ಡಬ್ಬಕ್ಕೆ ಸೇರಿಸ್ಬೇಡ ಪುಟ್ಟಿ. ಹಂಗೇ ಒಂದು ಕಡೆ ಇಡು.”

ಅಂದು ಜೋರಮ್ಮ ತೆಗೆದದ್ದು ನಲವತ್ತೆಂಟು. ಮೇಜಿನ ಮೇಲೆ ಹದಿನಾರು ಜೊತೆ ಸಾಲಾಗಿ ಕೂತಿದ್ದವು. ಅಕ್ಕ ಒಂದೊಂದೇ ಜೊತೆಯನ್ನು ಬೆನ್ನು ಮೇಲಾಗಿ ಮಗುಚಿದರು. ಮೊದಲನೆಯದು: ಒಂದಕ್ಕೆ ಚುಕ್ಕೆ, ಒಂದಕ್ಕೆ ಇಲ್ಲ. ಎರಡನೆಯದೂ ಹಾಗೇ. ಮೂರನೆಯದೂ. ಹದಿನಾರರಲ್ಲಿ ಹನ್ನೊಂದು ಜೊತೆ ಹಾಗಿದ್ದವು. ಹನ್ನೊಂದರಲ್ಲೂ ಚಿತ್ರ ಒಂದೇ. ಹನ್ನೊಂದರಲ್ಲೂ ಅವಳು ಎಡಗಡೆಯ ಗುಂಡಿ ಕುಕ್ಕಿದ್ದಳು: ಬೇರೆ.

“ಅಕ್ಕಾ, ಏನಿದು ಚುಕ್ಕೆ?” ಎಂದಳು ಹುಡುಗಿ.

“ನನ್ನ ಹಣೆಬರಹ,” ಎಂದರು ಅಕ್ಕ, ಅಲ್ಲೇ ಸ್ಟೂಲಿನ ಮೇಲೆ ಕೂತು.

ಇಬ್ಬರೂ ಒಂದು ಜೊತೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದರು. ತುಂಬ ಹೊತ್ತು ನೋಡಿದ ಮೇಲೆ ಹೊಸ ಕಾರ್ಡು ಒಂದು ಎಳೆ ನೀಲಿಗೆ ತಿರುಗಿದ ಹಾಗೆ ಅಕ್ಕನಿಗೆ ಅನ್ನಿಸಿತು. ಹುಡುಗಿಗೆ ಅದೂ ಕಾಣಲಿಲ್ಲ. ಒಳಗೆ ತಂದರೆ ಅಕ್ಕನಿಗೂ ಇಲ್ಲ.

ಹಕ್ಕಿ ತಪ್ಪು ಮಾಡಿರಲಿಲ್ಲ. ಎರಡು ಬೇರೆ ವಸ್ತುಗಳನ್ನು ಮುಂದಿಟ್ಟು ಒಂದೇನಾ ಎಂದು ಕೇಳಿದ್ದರು. ಬೇರೆ ಎಂದು ಅವಳು ಹೇಳಿದ್ದಳು. ಹೇಳಿದ ಪ್ರತಿ ಸಲವೂ ಅವಳ ದೀಪ ಆರಿಸಿದ್ದರು. ಎಂಟು ವಾರ. ತನ್ನ ಕಣ್ಣನ್ನೇ ತಾನು ನಂಬಬೇಕೋ ಬೇಡವೋ ಎಂಬಲ್ಲಿಗೆ ಅವಳನ್ನು ತಂದು ನಿಲ್ಲಿಸಿದ್ದರು. “ಅವಳು ಮೆಲ್ಲಗೆ ಕುಕ್ಕೋಕೆ ಶುರು ಮಾಡಿದ್ಲಲ್ಲ, ಅದು ನೆನಪಾಗಿ ನಂಗೆ ಅಳು ಬಂದ್ಬಿಡ್ತು. ಹುಡುಗಿ ಎದುರಿಗೇ ಅತ್ತುಬಿಟ್ಟೆ,” ಎನ್ನುತ್ತಾರೆ ಅಕ್ಕ. ಈಗಲೂ ಅದನ್ನು ಹೇಳುವಾಗ ಕೈಯಲ್ಲಿರುವ ಬಟ್ಟಲನ್ನು ಎರಡನೇ ಸಲ ತೊಳೆಯುತ್ತಾರೆ.

ಆದರೆ ಅಂದು ಅಕ್ಕ ಮೇಡಂ ಬಳಿ ಹೋಗಲಿಲ್ಲ. ಎಂಟು ವಾರದ ಕೆಲಸ ತನ್ನ ಕತ್ತರಿಯಿಂದ ಹಾಳಾಗಿದೆ ಎಂದು ಹೇಗೆ ಹೇಳುವುದು? ಆ ತಿಂಗಳ ಕೊನೆಗೆ ಅವರ ಕರಾರು ಹೊಸದಾಗಬೇಕಿತ್ತು. ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಶುಕ್ರವಾರ ಒಂದು ಹಕ್ಕಿ ಕೆಳಗೆ ಹೋಗುತ್ತದೆ, ಅಷ್ಟೇ. ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳಿಕೊಂಡಾಗ ಗಂಡ ತಲೆ ಕೆರೆದುಕೊಂಡು, “ನಾನು ಲಾಟಿನ ಮಾತು ಎತ್ತಲೇಬಾರದಿತ್ತು,” ಎಂದರು. ಅತ್ತೆ ಮಾತ್ರ ಮಂಚದಿಂದಲೇ ದನಿ ಎತ್ತಿದರು.

“ನೀನು ಹೇಳಲ್ಲ ಅಂದ್ರೆ ನಾನೇ ಬಸ್ ಹತ್ತಿ ಬಂದು ಹೇಳ್ತೀನಿ. ಮೂರು ಮಹಡಿ ಹತ್ತೋಕೆ ನನ್ನ ಮಂಡಿ ಬಿಡಲ್ಲ, ನಿಮ್ಮ ಮೇಡಂನೇ ಕೆಳಗೆ ಕರೆಸು.”

“ಸುಮ್ನಿರಿ ಅತ್ತೆ. ಕೆಲಸ ಹೋದ್ರೆ?”

“ಹೋದ್ರೆ ಮನೇಲಿ ಇರು. ನಾಡಿದ್ದು ಆ ಹಕ್ಕಿನ ನಿನ್ನ ಕೈಯಾರೆ ಕೆಳಗೆ ಇಳಿಸಿ ಬಂದು ಇಲ್ಲಿ ನನಗೆ ಊಟ ಬಡಿಸ್ತೀಯಲ್ಲ, ಆ ಮುಖ ನಾನು ನೋಡಲ್ಲ.”

ಗುರುವಾರ ಏಳು ಗಂಟೆಗೆ ಮೇಡಂ ಬರುವಾಗ ಅವರ ಮೇಜಿನ ಮೇಲೆ ಹನ್ನೊಂದು ಜೊತೆ ಕಾರ್ಡು ಬೆನ್ನು ಮೇಲಾಗಿ ಕಾಯುತ್ತಿದ್ದವು, ಪಕ್ಕದಲ್ಲಿ ಅಕ್ಕ. ಒಂದೇ ಉಸಿರಿಗೆ ಎಲ್ಲ ಹೇಳಿದರು. ಹೊಸ ಕಟ್ಟು, ಹಳೇ ಕಟ್ಟು, ಚುಕ್ಕೆ, ಗಂಡನ ಗೋಡೆ. ಮೇಡಂ ಒಂದು ಕಾರ್ಡು ಎತ್ತಿದರು, ಇನ್ನೊಂದು ಎತ್ತಿದರು, ಕಿಟಕಿಗೆ ಹೋದರು. ಬೆನ್ನು ತಿರುಗಿಸಿ ನಿಂತೇ ಇದ್ದರು. ಅಕ್ಕನಿಗೆ ಆ ಬೆನ್ನು ಬಾಗಿಲು ಹಾಕಿದ ಮನೆಯಂತೆ ಕಂಡಿತು.

“ಹಕ್ಕಿಗೆ ನಮ್ಮ ಕಣ್ಣಿಗೆ ಕಾಣದ ಬೆಳಕೂ ಕಾಣುತ್ತೆ ಅಂತ,” ಎಂದರು ಮೇಡಂ ಕೊನೆಗೆ, ತಮಗೇ ಹೇಳಿಕೊಳ್ಳುವ ಹಾಗೆ, “ನಾನೇ ವರ್ಷಾ ವರ್ಷಾ ಮಕ್ಕಳಿಗೆ ಪಾಠ ಮಾಡ್ತೀನಿ. ಕಾಗದದ ಬಿಳಿಗೆ ಏನೇನೋ ಬೆರೆಸ್ತಾರೆ ಅನ್ನೋದೂ ಗೊತ್ತು. ಅದಕ್ಕೇ ಪರದೆ ಬೇಡ ಅಂದವಳು ನಾನು.” ಆಮೇಲೆ ತಿರುಗಿದರು. ಮುಖ ಕೆಂಪಗಿತ್ತು. “ಯಾಕೆ ಒಂದೊಂದೇ ಬದಲಾಯಿಸಿದ್ರಿ? ಹರಿದರೆ ಜೊತೆನೇ ಎಸೀಬೇಕಲ್ವಾ?”

“ಇನ್ನೊಂದು ಚೆನ್ನಾಗಿತ್ತಲ್ಲ ಮೇಡಂ. ಎಸೆಯೋಕೆ ಕೈ ಬರ್ಲಿಲ್ಲ.”

ಮೇಡಂ ಅಲಮಾರಿಯಿಂದ ಎಂಟು ವಾರದ ಹಾಳೆಗಳನ್ನು ತೆಗೆದು ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆಯತೊಡಗಿದರು. ಜೋರಮ್ಮನ ಒಂದೊಂದು ದಿನವೂ ರದ್ದು. ನಾಲ್ಕೈದು ಹಾಳೆಯ ಮೇಲೆ ಗೆರೆ ಬೀಳುವುದನ್ನು ನೋಡಿದ ಅಕ್ಕನಿಗೆ ತಡೆಯಲಾಗಲಿಲ್ಲ.

“ಮೇಡಂ, ಹಂಗೆ ಹೊಡೆದು ಹಾಕ್ಬೇಡಿ. ನನ್ನದನ್ನ ತಪ್ಪು ಅಂತ ಬರೀರಿ. ಅವಳದನ್ನ ಸರಿ ಅಂತ ಬರೀರಿ.”

ಹಾಳೆಯ ಅಂಕಗಳನ್ನು ಆಮೇಲೆ ತಿದ್ದುವಂತಿಲ್ಲ, ಅದು ನಿಯಮ, ಎಂದರು ಮೇಡಂ. ಆದರೆ ಅದೇ ಪೆನ್ನಿನಿಂದ ಪ್ರತಿ ಹಾಳೆಯ ಅಂಚಿನಲ್ಲೂ ಒಂದು ಸಾಲು ಬರೆದರು: ಕಾರ್ಡುಗಳು ಒಂದೇ ಆಗಿರಲಿಲ್ಲ, ಹಕ್ಕಿ ಹೇಳಿದ್ದು ಸರಿ. ಹಲಗೆಯ ಮೇಲಿದ್ದ ಹದಿನೇಳನ್ನು ಅಂಗೈಯಿಂದ ಒರೆಸಿದ್ದೂ ಅವರೇ.

ಅಂದು ಅಕ್ಕ ಹೊಸ ಕಟ್ಟಿನಿಂದ ಜೋರಮ್ಮನ ಡಬ್ಬವನ್ನು ಪೂರ್ತಿಯಾಗಿ ಕತ್ತರಿಸಿದರು. ಇನ್ನೂರ ಐವತ್ತಾರು ಕಾರ್ಡು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ, ನಡುವೆ ಕಾಳು ನೀರು ಬಿಟ್ಟರೆ ಎದ್ದಿಲ್ಲ. ಕನ್ನಡಕದ ಹುಡುಗಿ ಅಂಚು ನೋಡಿಕೊಟ್ಟಳು. ಉಳಿದ ಹನ್ನೊಂದು ಡಬ್ಬಗಳಲ್ಲಿ ಹುಡುಕಿದಾಗ ಎಲ್ಲ ಸೇರಿ ಒಂಬತ್ತು ಚುಕ್ಕೆ ಸಿಕ್ಕವು. ಆ ಹಕ್ಕಿಗಳೂ ಆ ಒಂಬತ್ತರಲ್ಲಿ ಎಡವಿದ್ದವು. ಅಲ್ಲೊಂದು ಇಲ್ಲೊಂದು ಎಂದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಶುಕ್ರವಾರ ಜೋರಮ್ಮ ಪೆಟ್ಟಿಗೆಯೊಳಗೆ ಹೋದಾಗ ಹೊರಗೆ ಮೂವರು ಹೆಂಗಸರು ಕಿವಿಗೊಟ್ಟು ನಿಂತಿದ್ದರು. ಮೊದಲ ಇಪ್ಪತ್ತು ಪ್ರಶ್ನೆ ಹಾಗೇ: ಮೇಲೆ, ಕೆಳಗೆ, ಮತ್ತೆ ಮೇಲೆ, ಮೆಲ್ಲಗೆ. ಮೂವತ್ತು ದಾಟಿದ ಮೇಲೆ ಒಂದು ಸದ್ದು ಕೇಳಿತು. ಟಕ್. ಆಮೇಲೆ ಇನ್ನೊಂದು. “ಆ ಸದ್ದು ಕೇಳಿ ನಾನು ಮೇಡಂ ಕೈ ಹಿಡ್ಕೊಂಡ್ಬಿಟ್ಟಿದ್ದೆ. ಆಮೇಲೆ ನೋಡಿದ್ರೆ ನಂಗೇ ನಾಚಿಕೆ,” ಎನ್ನುತ್ತಾರೆ ಅಕ್ಕ. ಅಂದು ಐವತ್ತಮೂರು. ಮುಂದಿನ ವಾರ ಐವತ್ತೇಳು. ಅದರ ಮುಂದಿನ ವಾರ ಒಂದು ದಿನ ಅರವತ್ತು. ಅದೇ ದಿನ ಎರಡು ಕಾರ್ಡು ಹರಿದವು. ಎರಡು ಜೊತೆಯನ್ನೂ ಅಕ್ಕ ಪೂರ್ತಿ ಎಸೆದರು. ತಿಂಗಳ ಕೊನೆಗೆ ಕರಾರಿನ ಕಾಗದವೂ ಬಂತು. ಎಂದಿನಂತೆ ಒಂದು ವರ್ಷಕ್ಕೆ.

ಒಂದು ತಿಂಗಳ ನಂತರ ಮೇಡಂ ಇನ್ನೊಂದು ಪರೀಕ್ಷೆ ಮಾಡಿದರು. ಈ ಸಲ ಕಾರ್ಡುಗಳ ಮೇಲೆ ಚಿತ್ರವೇ ಇಲ್ಲ. ಬರೀ ಬಿಳಿ. ಹತ್ತು ಜೊತೆಯಲ್ಲಿ ಎರಡೂ ಒಂದೇ ಕಟ್ಟಿನವು, ಹತ್ತರಲ್ಲಿ ಒಂದು ಹಳೆಯದು, ಒಂದು ಹೊಸದು. ಸಿಕ್ಕಿಸುವ ಹುಡುಗಿಗೆ ಯಾವುದು ಯಾವುದೆಂದು ತಿಳಿಯಬೇಕಾದರೆ ಬೆನ್ನಿನ ಚುಕ್ಕೆ ನೋಡಬೇಕು. ಚುಕ್ಕೆ ಇಟ್ಟ ಅಕ್ಕನಿಗೂ ಅಷ್ಟೇ, ಇಡಲು ಹೇಳಿದ ಮೇಡಂಗೂ ಅಷ್ಟೇ. ಜೋರಮ್ಮ ಮೇಲೆ ನೋಡಿದಳು, ಕೆಳಗೆ ನೋಡಿದಳು, ಕುಕ್ಕಿದಳು. ಇಪ್ಪತ್ತರಲ್ಲಿ ಹದಿನೆಂಟು ಸರಿ. ಯಾರೂ ಹೇಳಿಕೊಡದ ಪಾಠ.

ಆ ಪರೀಕ್ಷೆಯ ವಿಷಯವನ್ನು ಈಗ ಮೇಡಂ ಬೇರೆಯೇ ಆಗಿ ಬರೆಯುತ್ತಿದ್ದಾರಂತೆ. ಅದರಲ್ಲಿ ನಿಮ್ಮ ಮಾತೂ ಬರುತ್ತದೆಯೇ ಎಂದು ಕೇಳಿದರೆ ಅಕ್ಕ ಕೈ ಅಲ್ಲಾಡಿಸುತ್ತಾರೆ. “ಕಾರ್ಡು ಕೆಡಿಸಿದ್ದಕ್ಕಾ? ಬೇಡ ಬಿಡಿ.” ಮತ್ತೇನಾದರೂ ಬೇಕೆನಿಸುತ್ತದೆಯೇ ಎಂದರೆ ಮಾತ್ರ ಜೋರಮ್ಮನ ಗೂಡಿನ ಕಡೆ ತಿರುಗುತ್ತಾರೆ. ಅಷ್ಟರಲ್ಲಿ ಹೊತ್ತು ಏರಿದೆ. ಕಿಟಕಿಯಿಂದ ಬಂದ ಬಿಸಿಲು ಗೂಡಿನ ತಂತಿಯ ಮೇಲೆ, ಜೋರಮ್ಮನ ಕುತ್ತಿಗೆಯ ಮೇಲೆ ಬಿದ್ದಿದೆ. ಅವಳು ಒಂದು ಕಣ್ಣನ್ನು ಅಕ್ಕನ ಕಡೆ ತಿರುಗಿಸಿ ನೋಡುತ್ತಿದ್ದಾಳೆ.

“ಒಂದೇ ಒಂದು ಸಲ, ಅರ್ಧ ಗಳಿಗೆ ಸಾಕು, ಇವಳ ಕಣ್ಣಲ್ಲಿ ನೋಡ್ಬೇಕು ಅಂತ ಆಸೆ,” ಎನ್ನುತ್ತಾರೆ ಹಕ್ಕಿಯಕ್ಕ. “ನಾವು ಬಿಳಿ ಬಿಳಿ ಅಂತೀವಲ್ಲ, ಅದರೊಳಗೆ ಇನ್ನೂ ಏನೇನಿದೆಯೋ. ನಮ್ಮ ಯಜಮಾನ್ರು ಹೊಡೆದ ಗೋಡೆಗಳನ್ನೆಲ್ಲ ಒಂದು ಸುತ್ತು ನೋಡ್ಕೊಂಡು ಬರ್ತಿದ್ದೆ. ನನ್ನ ಮುಖಾನೂ ನೋಡ್ಕೊಳ್ತಿದ್ದೆ. ದಿನಾ ಬೆಳಿಗ್ಗೆ ಇವಳು ನೋಡೋದು ಯಾರನ್ನ ಅಂತ ಗೊತ್ತಾಗ್ತಿತ್ತು.”